ಗುರುಸಿದ್ದವ್ವನ ಹೆಸರಿನಲ್ಲಿ

"ಫೋನಿನಲ್ಲಿ ಮದ್ದು ಹೇಳುವ ವೈದ್ಯ, ಆ ತುದಿಯಲ್ಲಿರುವವರು ಯಾರು, ಅವರ ವಯಸ್ಸೆಷ್ಟು ಎಂಬುದು ಖಾತ್ರಿಯಾಗದೆ ಚೀಟಿ ಬರೆಯಕೂಡದು. ನಿಯಮ ಹೀಗಿದೆಯಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಹೀಗೇ ಇದೆ."

"ಇವತ್ತು ಬೆಳಿಗ್ಗೆ ಒಬ್ಬರು ಫೋನ್ ಮಾಡಿದರು. ಹೆಸರು ಕೇಳಿದೆ, ಹೇಳಲಿಲ್ಲ. ಬರೆಯುವುದಿಲ್ಲ ಎಂದು ಇಟ್ಟುಬಿಟ್ಟೆ. ನಿಯಮ ಮುರಿದವನಿಗೆ ಹೆದರಿಕೆ ಇರಬೇಕು. ಪಾಲಿಸಿದ ನನಗೇಕೆ ಮಧ್ಯಾಹ್ನದ ಊಟ ಸೇರಲಿಲ್ಲ?"

ಗುರುಗಳು ಮೂವತ್ತು ವರ್ಷ ವೈದ್ಯಕೀಯ ಕಲಿಸಿದವರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. "ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ನೇಕಾರರ ಓಣಿ. ಅಲ್ಲಿ ಗುರುಸಿದ್ದವ್ವ ಎಂಬ ಅರವತ್ತೆಂಟು ವರ್ಷದ ಹೆಂಗಸು. ಅವಳಿಗೆ ರಕ್ತದೊತ್ತಡ. ಒಮ್ಮೆ ಪಟ್ಟಣಕ್ಕೆ ಹೋಗಿ ಒಬ್ಬ ವೈದ್ಯನಿಗೆ ತೋರಿಸಿಕೊಂಡು ಬಂದಳು. ವೈದ್ಯ ನೋಡಿದ, ಬರೆದುಕೊಂಡ, ಮಾತ್ರೆ ಕೊಟ್ಟ. "ಇದೇ ತೊಂದರೆಗೆ ಮತ್ತೆ ಇಷ್ಟು ದೂರ ಬರಬೇಡಿ. ಫೋನ್ ಮಾಡಿ" ಎಂದ. ಅದು ಸರಿಯೇ. ಕಂಡ ರೋಗಿ, ಕಂಡ ರೋಗ.

ಹೊಸಬರಿಗೆ ಹಾಗಿರಲಿಲ್ಲ. ಅವರು ಕ್ಯಾಮೆರಾದಲ್ಲಿ ಮುಖ ತೋರಿಸಬೇಕಿತ್ತು, ಗುರುತಿನ ಚೀಟಿ ಹಿಡಿಯಬೇಕಿತ್ತು. ಪಾಳಿ ಬರಲು ಎರಡು ದಿನ ಹಿಡಿಯುತ್ತಿತ್ತು.

ಆ ಓಣಿಯಲ್ಲಿ, ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಕೆಲವು ದಿನಗಳಲ್ಲಿ ಗುರುಸಿದ್ದವ್ವನ ಹೆಸರೂ ಹೆಪ್ಪಿನ ಹಾಗೆ ಮನೆಯಿಂದ ಮನೆಗೆ ಹೋಯಿತು. ಜ್ವರ ಬಂದವರು ಆ ಹೆಸರು ಹೇಳಿದರು. ಸೊಂಟ ಹಿಡಿದವರು ಆ ಹೆಸರು ಹೇಳಿದರು. ಗಂಡಸರು ತಾವು ಗುರುಸಿದ್ದವ್ವನ ಮಗ ಎಂದರು. ಅವಳಿಗೆ ಮಕ್ಕಳೇ ಇರಲಿಲ್ಲ.

ಗುರುಸಿದ್ದವ್ವನಿಗೆ ಇದರಿಂದ ಬೇಸರವಿರಲಿಲ್ಲ. ಕಟ್ಟೆಯ ಮೇಲೆ ಕೂತು, "ಈ ವಾರ ನನಗ ಏನೇನ್ ಆಗೇತಿ, ಹೇಳ್ರಬೇ. ಹೋದ ವಾರ ಕಜ್ಜಿ ಆಗಿತ್ತಂತ. ಕೆರಕೊಳ್ಳೂದು ಮರತಬಿಟ್ಟೆ" ಎನ್ನುತ್ತಿದ್ದಳು. ಓಣಿ ನಗುತ್ತಿತ್ತು.

ಮದ್ದಿನಂಗಡಿಯವನು ಚೀಟಿ ನೋಡುತ್ತಿದ್ದ, ಚೀಟಿ ತಂದವರನ್ನು ನೋಡುತ್ತಿರಲಿಲ್ಲ. ದನಿ ಬೇರೆ ಬೇರೆ ಎಂದು ವೈದ್ಯನ ಕಿವಿಗೆ ಗೊತ್ತಾಗುತ್ತಿತ್ತು. ಕೇಳುತ್ತ ಕೂತರೆ ಹೊರಗಿನವರ ಪಾಳಿ ತಡವಾಗುತ್ತಿತ್ತು. ಕೇಳಲಿಲ್ಲ. ಒಂದು ವರ್ಷ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಎಲ್ಲರಿಗೂ ಅಪ್ಪಣೆಯಂತಾಯಿತು.

ಆಮೇಲೆ ಆ ವೈದ್ಯ ಒಂದು ವಾರ ರಜೆ ಹಾಕಿದ. ಅವನ ಕುರ್ಚಿಯಲ್ಲಿ ಹೊಸ ವೈದ್ಯೆಯೊಬ್ಬಳು ಕೂತಳು. ಎರಡನೆಯ ದಿನ ಹನ್ನೊಂದು ಗಂಟೆಗೆ ಫೋನ್ ಬಂತು.

"ನಾನ್ರೀ, ಗುರುಸಿದ್ದವ್ವ. ನಿನ್ನಿಯಿಂದ ತಲಿ ಸಿಡ್ಯಾಕತ್ತೈತಿ. ಮುಖ, ಕಾಲು ಎಲ್ಲಾ ಬಾತಾವು. ಕಣ್ಣಮುಂದ ಮಂಜು ಮಂಜು."

ವೈದ್ಯೆ ಕಡತ ತೆಗೆದಳು. ಹಳೆಯ ರಕ್ತದೊತ್ತಡ. ಮಾತ್ರೆ ಹೆಚ್ಚಿಸಿ ಬರೆದರೆ ಒಂದು ನಿಮಿಷದ ಕೆಲಸ. ಆದರೆ ದನಿ ಎಳೆಯದಾಗಿತ್ತು.

"ನಿಮ್ಮ ವಯಸ್ಸೆಷ್ಟು, ತಾಯಿ?"

ಉತ್ತರಕ್ಕೆ ಮೊದಲು ಮುದಿ ದನಿಯೊಂದು ಹತ್ತಿರದಲ್ಲೇ ಪಿಸುಗುಟ್ಟಿತು. "ಅರವತ್ತೆಂಟು ಅನ್ನವ್ವ."

"ಅರವತ್ತೆಂಟ್ರೀ."

"ಮುಖ ತೋರಿಸಿ."

"ಕ್ಯಾಮೆರಾ ಕೆಟ್ಟೈತ್ರೀ. ಮಾತ್ರಿ ಬರದು ಕಳಸ್ರಿ, ಸಾಕು. ದೊಡ್ಡ ಡಾಕ್ಟ್ರು ಇಷ್ಟೆಲ್ಲ ಕೇಳಂಗಿಲ್ರಿ."

"ನೀವು ಯಾರೆಂದು ತಿಳಿಯದೆ ನಾನು ಬರೆಯುವುದಿಲ್ಲ" ಎಂದಳು ವೈದ್ಯೆ. ಎಳೆಯ ದನಿ, ಬಾವು, ಕಣ್ಣು ಮಂಜು ಮೂರನ್ನೂ ಕೂಡಿಸಿ ನೋಡಿ ಕೇಳಿದಳು. "ನಿಮಗೀಗ ಎಷ್ಟು ತಿಂಗಳು?"

ನಿಜ ಹೇಳಿದರೆ ಓಣಿಯೆಲ್ಲ ನೆಚ್ಚಿಕೊಂಡಿದ್ದ ಗುರುಸಿದ್ದವ್ವನ ಹೆಸರು ಮುಂದೆ ಯಾರಿಗೂ ನಡೆಯುತ್ತಿರಲಿಲ್ಲ. ಆ ತುದಿಯಲ್ಲಿ ಫೋನ್ ಕಟ್ಟಾಯಿತು.

ಗುರುಗಳು ಇಲ್ಲಿ ನಿಲ್ಲಿಸಿದರು. "ತುಂಬು ಬಸುರಿಯೊಬ್ಬಳು ತಲೆನೋವು, ಬಾವು, ಕಣ್ಣು ಮಂಜು ಮೂರನ್ನೂ ಒಟ್ಟಿಗೆ ಹೇಳಿದರೆ ನೀನೇನು ತಿಳಿಯುತ್ತೀಯೆ?"

"ರಕ್ತದೊತ್ತಡ ವಿಪರೀತ ಏರಿದೆ ಎಂದು. ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರ ಜೀವವೂ ಹೋಗಬಹುದು."

"ಆ ಮುದುಕಿಯ ಮಾತ್ರೆ ನುಂಗಿದರೆ?"

"ಒತ್ತಡದ ಮಾತ್ರೆಗಳಲ್ಲಿ ಬಸುರಿಯರಿಗೆ ಕೊಡಬಾರದ ಜಾತಿಯವಿವೆ. ಮಗುವಿಗೆ ಅಪಾಯ. ಅದಕ್ಕಿಂತ ಹೆಚ್ಚಾಗಿ, ಮದ್ದು ಸಿಕ್ಕಿತೆಂದು ಮನೆಯಲ್ಲೇ ಉಳಿದುಬಿಡುತ್ತಾಳೆ." ಶಿಷ್ಯನ ದನಿ ಸಣ್ಣದಾಯಿತು. "ಅವಳ ಜೀವ ಉಳಿಸಲು ಇನ್ನೆಷ್ಟು ಹೊತ್ತಿತ್ತು, ಗುರುಗಳೇ?"

"ವೈದ್ಯೆಗೂ ಅದು ಗೊತ್ತಿರಲಿಲ್ಲ."

ಅವಳು ಅದೇ ನಂಬರಿಗೆ ಫೋನ್ ಮಾಡಿದಳು. ಸ್ವಿಚ್ ಆಫ್ ಆಗಿತ್ತು. ಮತ್ತೆ ಮಾಡಿದಳು. ಆ ಊರಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ ಕೇಳಿದಳು. ಆಕೆ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು. ಕಡತದಲ್ಲಿ ಓಣಿಯ ಹೆಸರಿತ್ತು. ಆದರೆ ಹುಡುಕಬೇಕಾದವಳು ಗುರುಸಿದ್ದವ್ವ ಅಲ್ಲ. ಬೇಕಾದವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಆ ಊರಿಗೆ ದಾರಿ ಒಂದೂವರೆ ಗಂಟೆಯದು.

ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರ್ ಎಲ್ಲ ಕೇಳಿಸಿಕೊಂಡಿದ್ದ. ಇಪ್ಪತ್ತು ವರ್ಷ ಅಲ್ಲೇ ಇದ್ದವನು. "ಬಿಡ್ರಿ ಮೇಡಮ್ಮರ" ಎಂದ. "ನೀವು ಒಂದಕ್ಷರ ಬರದಿಲ್ಲ. ನಾಳೆ ಏನರ ಆದ್ರೂ ನಿಮ್ಮ ಕಡೆ ಯಾರೂ ಬೆರಳು ಮಾಡಂಗಿಲ್ಲ. ಹೊರಗ ಹದಿನಾಲ್ಕು ಮಂದಿ ಕುಂತಾರ. ಒಬ್ಬೊಬ್ಬರನ್ನ ಒಳಗ ಕಳಸ್ಲೇನು?"

ಕಾಂಪೌಂಡರ್ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಶಿಷ್ಯ ನಡುವೆ ಬಾಯಿ ಹಾಕಿದ. "ಹಾಗಾದರೆ ಆ ಊರಿನವರು, ಅಂಗಡಿಯವನು, ಮೊದಲಿನ ವೈದ್ಯ, ಎಲ್ಲರೂ ನಿಯಮ ಮುರಿದರು. ಆಕೆಯೊಬ್ಬಳು ಮುರಿಯಲಿಲ್ಲ. ಬರೆಯುವುದಿಲ್ಲ ಎಂದು ಹೇಳಿದಲ್ಲಿಗೆ ಅವಳ ಕೆಲಸ ಮುಗಿಯಿತಲ್ಲವೇ?"

ಗುರುಗಳು ಅವನ ಮುಖ ನೋಡಿ ಹೇಳಿದರು:

"ಬರೆಯಲೊಪ್ಪದ ಆ ವೈದ್ಯೆ ಹೊರಗೆ ಕೂತ ಹದಿನಾಲ್ಕು ಜನರಿಗೂ ಕೈಮುಗಿದು, ಆಂಬುಲೆನ್ಸ್ ತರಿಸಿ, ಹೆಸರು ಗೊತ್ತಿಲ್ಲದ ಆ ಹುಡುಗಿಯನ್ನು ಹುಡುಕಲು ತಾನೇ ಹತ್ತಿ ಕೂತಳು."