ಗಾಡಿಯ ಎಣ್ಣೆಗೆ ಹೆಪ್ಪು ಹಾಕಿದ ತಿಪ್ಪೇಶಿ

ಹೂಂಗುಟ್ಟುವವರಿದ್ದರೆ ಕತೆ, ಇಲ್ಲದಿದ್ದರೆ ಬರೀ ಗಾಳಿ. ಹೂಂ ಅನ್ನಿ. ಬಸ್ಸು ಹತ್ತಿ ಹೋಗಿ, ಹಡಗು ಹತ್ತಿ ಹೋಗಿ, ಪೆದ್ದನಿಲ್ಲದ ಊರು ಸಿಗುವುದಿಲ್ಲ. ಪೆದ್ದನ ತಾಯಿ ಕಣ್ತುಂಬ ನಿದ್ದೆ ಮಾಡುವ ಊರೂ ಸಿಗುವುದಿಲ್ಲ.

ಚಳ್ಳಕೆರೆ ಸೀಮೆಯಲ್ಲಿ ಕಾಟಮ್ಮ ಅಂತ ಒಬ್ಬಳು. ಶೇಂಗಾ ಗಾಣದವಳು. ಗಂಡ ತೀರಿಕೊಂಡಿದ್ದ. ಮಗ ಒಬ್ಬ, ತಿಪ್ಪೇಶಿ. ನೋಡಿದರೆ ಬಾಗಿಲು ತುಂಬುವ ಆಳು, ಎರಡು ಎಣ್ಣೆ ಟಿನ್ನು ಎರಡು ಕೈಯಲ್ಲಿ ಎತ್ತುವವನು. ಒಳ್ಳೆಯವನು. ತಾಯಿಯ ಮಾತು ಮೀರುವವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಒಂದು ಅಕ್ಷರವನ್ನೂ ಮೀರುತ್ತಿರಲಿಲ್ಲ.

ಮೊದಲು ಅವನಿಗೆ ಕ್ಲಚ್ಚಿನ ಗಾಡಿ ಕಲಿಸಲು ಹೋದರು. "ಕ್ಲಚ್ ಒತ್ತೋ" ಅಂದರು, ಒತ್ತಿದ. ಬಿಡು ಅನ್ನುವುದನ್ನು ಮರೆತು ಕಲಿಸುವವನು ಚಹಾ ಕುಡಿಯಲು ಹೋದ. ಬಂದು ನೋಡಿದರೆ ತಿಪ್ಪೇಶಿ ಒತ್ತಿಕೊಂಡೇ ಕೂತಿದ್ದಾನೆ, ಕಾಲು ಜೋಮು ಹಿಡಿದು ಕಣ್ಣಲ್ಲಿ ನೀರು. "ಬಿಡು ಅನ್ನಲಿಲ್ವಲ್ಲಣ್ಣ!"

ಹಾಗಿರುವಾಗ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನು ನೆಡುವ ಕಂಪನಿಯೊಂದು ತನ್ನ ಹಳೇ ಪಿಕಪ್ಪನ್ನು ಮಾರಿತು. ಅದಕ್ಕೆ ಕ್ಲಚ್ಚೇ ಇಲ್ಲವಂತೆ, ಗೇರು ತಾನೇ ಹಾಕಿಕೊಳ್ಳುತ್ತದಂತೆ ಅಂತ ಕೇಳಿದ್ದೇ ಕಾಟಮ್ಮ ಕೈಯ ಚಿನ್ನದ ಬಳೆ ಬಿಚ್ಚಿ ಕೊಟ್ಟು ಅದನ್ನು ಮನೆಗೆ ತಂದಳು. ಆ ಸೀಮೆಗೆಲ್ಲ ತಿಪ್ಪೇಶಿ ಓಡಿಸಬಲ್ಲ ಗಾಡಿ ಅದೊಂದೇ. ಸಂತೆಯಿಂದ ಸಂತೆಗೆ ಎಣ್ಣೆ ಹೊತ್ತುಕೊಂಡು ಹೋಗುತ್ತಿದ್ದ, ಬರುತ್ತಿದ್ದ. ಕಾಟಮ್ಮನಿಗೆ ಆಗಾಗ ಎದೆ ಹಿಡಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. 'ನಾನಿಲ್ಲದ ದಿನ ಇವನ ಅನ್ನ ಈ ಗಾಡಿಯಲ್ಲಿದೆ' ಅಂತ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಿದ್ದಳು.

ಒಂದು ದಿನ ಆ ಗಾಡಿ ಜಗ್ಗತೊಡಗಿತು. ಗೇರು ಬೀಳುವಾಗ ಎತ್ತು ಮುಗ್ಗರಿಸಿದ ಹಾಗೆ ಮುಗ್ಗರಿಸತೊಡಗಿತು. ಮೆಕ್ಯಾನಿಕ್ ದಸ್ತಗೀರ ಬಂದು ಎಣ್ಣೆ ಅಳೆಯುವ ಕಡ್ಡಿ ಅದ್ದಿ ನೋಡಿದ, ಮೂಸಿದ, ಮುಖ ಸಿಂಡರಿಸಿದ.

"ಅಕ್ಕ, ಗೇರಿನ ಎಣ್ಣೆ ಸುಟ್ಟು ಕಪ್ಪಾಗಿದೆ. ಹೀಗೇ ಓಡಿಸಿದರೆ ಗೇರ್‌ಬಾಕ್ಸ್ ಹೋಯ್ತು ಅಂತಲೇ ತಿಳಿ. ಈ ಬಿಸಿಲು, ಈ ಭಾರ. ಮಾಮೂಲಿ ಎಣ್ಣೆ ತಡೆಯಲ್ಲ. ಸಿಂಥೆಟಿಕ್ ಹಾಕು."

"ನೀನು ಹಾಕಬೇಡ ದಸ್ತಗೀರಾ, ಇವನ ಕೈಯಲ್ಲಿ ಹಾಕಿಸು. ನಾಳೆ ನಾನೂ ಇರಲ್ಲ, ನೀನೂ ಇರಲ್ಲ."

ದಸ್ತಗೀರ ತಿಪ್ಪೇಶಿಯನ್ನು ನೋಡಿದ, ಆಕಾಶ ನೋಡಿದ. "ಅಲ್ಲಾ!" ಅಂದ. ಆಮೇಲೆ ನಿಧಾನವಾಗಿ ಹೇಳಿಕೊಟ್ಟ: "ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸು. ಎಷ್ಟು ಇಳಿಯಿತು ಅಂತ ಅಳತೆ ಇಟ್ಟುಕೋ. ಇಳಿದಷ್ಟೇ ಹಾಕು. ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಇಳಿದಷ್ಟೇ ಹಾಕ್ತೀನಿ ಮಾವ."

ಸಿಂಥೆಟಿಕ್ ತರಲು ತಿಪ್ಪೇಶಿ ಪೇಟೆಗೆ ಹೋದ. ಎಣ್ಣೆ ಕೊಳ್ಳುವುದಕ್ಕೆ ಅವ್ವ ಚಿಕ್ಕಂದಿನಿಂದ ಹೇಳಿಕೊಟ್ಟ ಬುದ್ಧಿಯೊಂದಿತ್ತು: ಮೂಸಿ ನೋಡು, ನಾಲಿಗೆಗೆ ಹಚ್ಚಿ ನೋಡು, ಆಮೇಲೆ ತಗೋ. ಅಂಗಡಿಯವನು ಡಬ್ಬ ಮುಂದಿಟ್ಟ. ತಿಪ್ಪೇಶಿ ಮುಚ್ಚಳ ತಿರುವಿದ, ಮೂಸಿದ, ಬೆರಳದ್ದಿ ನೆಕ್ಕಿದ.

"ಏ! ಏ! ಸಾಯ್ತೀಯೇನೋ!" ಅಂಗಡಿಯವನು ನೀರಿನ ಚೊಂಬು ಹಿಡಿದುಕೊಂಡು ಓಡಿ ಬಂದ.

ತಿಪ್ಪೇಶಿ ಉಗಿದು, ಬಾಯಿ ಮುಕ್ಕಳಿಸಿ, ಬರಿಗೈಲಿ ಮನೆಗೆ ಬಂದ. "ಎಣ್ಣೆ ಚೆನ್ನಾಗಿಲ್ಲ ಅವ್ವ. ಶೇಂಗಾ ವಾಸನೆಯೇ ಇಲ್ಲ. ಬೇಡ ಅಂದೆ."

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲೇ! ಅದು ಒಗ್ಗರಣೆಗೆ ಹಾಕೋ ಎಣ್ಣೆಯೇನೋ? ಡಬ್ಬದ ಸೀಲು ಗಟ್ಟಿಯಾಗಿದೆಯಾ ಅಂತ ನೋಡಿ ತರಬೇಕು! ಸೀಲು ಒಡೀಬಾರದು!"

"ಆಯ್ತವ್ವ. ಸೀಲು ಒಡಿಯಲ್ಲ."

ಮತ್ತೆ ಹೋದ, ಸೀಲು ಗಟ್ಟಿಯಿದ್ದ ಡಬ್ಬಗಳನ್ನು ತಂದ. ಗಾಡಿ ಕೆಳಗೆ ನುಗ್ಗಿ ಬೋಲ್ಟು ಬಿಚ್ಚಿದ. ಕಪ್ಪು ಎಣ್ಣೆ ಬೋಗುಣಿಗೆ ಇಳಿಯಿತು. ಒಂದು ಹನಿ ಚೆಲ್ಲಲಿಲ್ಲ, ಅಳತೆ ತಪ್ಪಲಿಲ್ಲ. ದಸ್ತಗೀರ ನೋಡಿದ್ದರೆ ಭೇಷ್ ಅನ್ನುತ್ತಿದ್ದ. ಬೋಲ್ಟು ಬಿಗಿದು, ಲಾಳಿಕೆ ಇಟ್ಟು, ಆ ಕಪ್ಪು ಎಣ್ಣೆಯನ್ನೇ ತಿರುಗಿ ಹೊಯ್ದ. ಹೊಸ ಡಬ್ಬಗಳಿಗೆ ಕುಂಕುಮ ಹಚ್ಚಿ ಗಾಡಿಯ ಮುಂದೆ ಸಾಲಾಗಿ ಇಟ್ಟ.

ಗಾಡಿ ಮತ್ತೆ ಮುಗ್ಗರಿಸಿತು.

"ಇಳಿದದ್ದನ್ನೇ ಹಾಕಿದೆಯೇನೋ?"

"ಇಳಿದಷ್ಟೇ ಹಾಕು ಅಂದ ಮಾವ. ಸೀಲು ಒಡೀಬಾರದು ಅಂದೆ ನೀನು. ಇಬ್ಬರ ಮಾತೂ ನಡೆಸಿದೆ."

ಕಾಟಮ್ಮ ಹಣೆ ಹಣೆ ಬಡಿದುಕೊಂಡಳು. "ಕೊಳೆತ ಎಣ್ಣೆಯನ್ನು ಹೊಸಿಲು ದಾಟಿಸಿ, ಮತ್ತೆ ಆರತಿ ಎತ್ತಿ ಒಳಗೆ ಕರೆದೆಯಲ್ಲೋ! ಹಳೇದು ಒಂದು ಹನೀನೂ ಇಡಬಾರದು! ಪಾತ್ರೆ ತಿಕ್ಕಿ ತೊಳೆದು ಹೊಸದು ಹಾಕಬೇಕು!"

"ಆಯ್ತವ್ವ. ಹಳೇದು ಇಡಲ್ಲ."

ಮರುದಿನ ಕಾಟಮ್ಮ ಗಾಣಕ್ಕೆ ಹೊರಟಳು. "ಹಾಲು ಕಾಸಿ, ಆರಿಸಿ, ಮೊಸರಿನ ಗಡಿಗೆಗೆ ಹಾಕೋ" ಅಂದಳು. ಗಡಿಗೆಯ ತಳದಲ್ಲಿ ಹಳೇ ಮೊಸರು ಇತ್ತು. ತಿಪ್ಪೇಶಿ ಅದನ್ನು ತಿಪ್ಪೆಗೆ ಚೆಲ್ಲಿದ. ಗಡಿಗೆ ತಿಕ್ಕಿದ, ತೊಳೆದ, ಬಿಸಿಲಿಗೆ ಒಣಗಿಸಿದ, ಹಾಲು ಹಾಕಿದ. ಹಾಲು ಹಾಲಾಗಿಯೇ ಇದ್ದು ಇದ್ದು ಒಡೆದು ನಾರಿತು.

ಕಾಟಮ್ಮ ಗಾಣದಿಂದ ಬಂದಳು, ನೋಡಿದಳು. ಗಡಿಗೆಯನ್ನು ತೊಡೆ ಮೇಲಿಟ್ಟುಕೊಂಡು ಕೂತಳು. "ನಮ್ಮತ್ತೆ ನನಗೆ ಕೊಟ್ಟ ಹೆಪ್ಪು ಕಣೋ ಅದು. ಅವರಿಗೆ ಅವರತ್ತೆ ಕೊಟ್ಟದ್ದು. ಒಂದು ದಿನ ತಪ್ಪಿರಲಿಲ್ಲ."

"ಹಳೇದು ಇಡಬಾರದು ಅಂದೆಯಲ್ಲವ್ವ."

"ಹೊಸದಕ್ಕೆ ಒಂದು ಚಮಚ ಹಳೇದು ಬಿಡಬೇಕೋ ಮಗನೇ! ಬಿಟ್ಟು, ಬೆಚ್ಚಗೆ ಮುಚ್ಚಿಡಬೇಕು! ಅಲ್ಲಾಡಿಸಬಾರದು!"

"ಆಯ್ತವ್ವ. ಅಲ್ಲಾಡಿಸಲ್ಲ."

ಪಕ್ಕದ ಮನೆಯಿಂದ ಹೆಪ್ಪು ಬೇಡಿ ತಂದದ್ದಾಯಿತು. ಗಾಡಿಯ ಕೆಲಸ ಉಳಿದೇ ಇತ್ತು. ತಿಪ್ಪೇಶಿ ಮತ್ತೆ ಕೆಳಗೆ ನುಗ್ಗಿದ. ಹಳೇದು ಇಳಿಸಿದ. ಸೀಲು ಒಡೆಯಲು ಅವ್ವನ ಅಪ್ಪಣೆ ಕೇಳಿದ, ಒಡೆದ. ದಾಸವಾಳದ ಹಾಗೆ ಕೆಂಪಗಿದ್ದ ಹೊಸ ಎಣ್ಣೆಯನ್ನು ಇಳಿದಷ್ಟೇ ಅಳೆದು ಹಾಕಿದ. ಕಾಟಮ್ಮ ಮರೆಯಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಹೊರಗೆ ಬಂದರೆ ಗಾಡಿ ಕಾಣಿಸಲಿಲ್ಲ. ಮನೆಯಲ್ಲಿದ್ದ ಕಂಬಳಿಗಳೆಲ್ಲ ಕೂಡಿ ಒಂದು ಗುಡ್ಡವಾಗಿ ಅಂಗಳದಲ್ಲಿ ನಿಂತಿದ್ದವು. ಪಕ್ಕದಲ್ಲಿ ತಿಪ್ಪೇಶಿ, ಕೈಯಲ್ಲಿ ಚಮಚ, ಕೋಳಿಗಳನ್ನು ಓಡಿಸುತ್ತಿದ್ದಾನೆ.

"ಶ್! ಮೆಲ್ಲಗೆ ಬಾ ಅವ್ವ. ಹೆಪ್ಪು ಹಾಕಿದ್ದೀನಿ."

ಸಂತೆ ದಿನ ಬಂತು. ಟಿನ್ನುಗಳು ಸಾಲಾಗಿ ಕಾಯುತ್ತಿವೆ, ಗಾಡಿ ಕಂಬಳಿ ಹೊದ್ದು ಮಲಗಿದೆ. "ಇನ್ನೂ ಹೆಪ್ಪು ಕೂತಿಲ್ಲವ್ವ, ಅಲ್ಲಾಡಿಸಬೇಡ!" ಕಾಟಮ್ಮ ಬೈದಳು, ಬೇಡಿಕೊಂಡಳು, ಮಗ ಗಾಡಿಯ ಬಾಗಿಲಿಗೆ ಅಡ್ಡ ನಿಂತ. ಕೊನೆಗೆ ದಸ್ತಗೀರನನ್ನೇ ಕರೆಸಿದಳು. ಅವನು ನಗಲಿಲ್ಲ.

"ಇವನು ಹಾಕಿದ ಚಮಚದಿಂದ ಏನೂ ಕೆಡಲಿಲ್ಲ ಅಕ್ಕ. ಇಳಿದದ್ದು ಅರ್ಧ, ಇನ್ನರ್ಧ ಹಳೇದು ಗೇರಿನ ಹೊಟ್ಟೆಯಲ್ಲೇ ಕೂತಿದೆ. ಒಂದೇ ಸಲಕ್ಕೆ ಪೂರ್ತಿ ಇಳಿಯೋ ಜಾತಿಯಲ್ಲ ಅದು. ಓಡಿಸಬೇಕು, ಇಳಿಸಬೇಕು, ಹೊಸದು ಹಾಕಬೇಕು. ಮತ್ತೆ ಓಡಿಸಬೇಕು, ಮತ್ತೆ ಇಳಿಸಬೇಕು. ಹೀಗೆ ಬೆರೆತು ಬೆರೆತು ಹೊಸದಾಗಬೇಕು. ಕಂಬಳಿ ತೆಗೆಯೋ ಅಳಿಯಾ!"

ಓಡಿಸಿದ, ಇಳಿಸಿದ, ಹಾಕಿದ. ಮತ್ತೆ ಓಡಿಸಿದ, ಇಳಿಸಿದ, ಹಾಕಿದ. ಇಳಿಯುವ ಎಣ್ಣೆ ಕಪ್ಪು ಹೋಗಿ ಕಂದಾಯಿತು, ಕಂದು ಹೋಗಿ ಕೆಂಪಾಯಿತು. ಗಾಡಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನಡೆಯಿತು. ಇನ್ನು ಉಳಿದದ್ದು ಎಣ್ಣೆ ಸರಿಯಾಗಿದೆಯಾ ಅಂತ ಕಡ್ಡಿ ನೋಡುವುದೊಂದೇ.

"ಎಂಜಿನ್ ಬಿಸಿಯಾಗಿರಬೇಕು, ಆನ್ ಇರಬೇಕು. ಆಫ್ ಮಾಡಿದರೆ ಎಣ್ಣೆಯೆಲ್ಲ ಕೆಳಗೆ ಬಂದು ನಿಂತು, ಕಡ್ಡಿ ಸುಳ್ಳು ಹೇಳುತ್ತೆ" ಅಂತ ಹೇಳಿ ದಸ್ತಗೀರ ಹೋದ.

ತಿಪ್ಪೇಶಿ ಎಂಜಿನ್ ಆನ್ ಮಾಡಿದ. ಪಕ್ಕದ ಮನೆಯ ಸಿದ್ದಗಂಗಮ್ಮ, "ಹೊಗೆ ಕಣೋ, ನಿಲ್ಸೋ!" ಅಂದಳು. ನಿಲ್ಲಿಸಿದ. ನಿಂತ ಗಾಡಿಯ ಕಡ್ಡಿ ಕತ್ತಿನವರೆಗೆ ಎಣ್ಣೆ ತೋರಿಸಿತು. ಹೆಚ್ಚಾಯಿತು ಅಂತ ಒಂದು ಚೊಂಬು ಇಳಿಸಿಬಿಟ್ಟ. ಹೊತ್ತು ಇಳಿಯುವ ಮುಂಚೆ ಗಾಡಿ ಏರಿನಲ್ಲಿ ಹಿಂದಕ್ಕೆ ಜಾರಿತು.

ಚೊಂಬನ್ನು ತಿರುಗಿ ಹೊಯ್ಯಿಸಿ, ಕಾಟಮ್ಮ ಮಗನ ಕಿವಿ ಹಿಡಿದಳು. "ಊರು ಹೇಳಿದ್ದಕ್ಕೆಲ್ಲ ನಿಲ್ಲಿಸ್ತೀಯೇನೋ? ಈ ಸಲ ನಾನೇ ಪಕ್ಕದಲ್ಲಿ ಕೂರ್ತೀನಿ. ನಾನು ನಿಲ್ಲಿಸು ಅನ್ನೋವರೆಗೂ ಯಾರೇ ಹೇಳಲಿ, ನಿಲ್ಲಿಸಬೇಡ!"

"ಆಯ್ತವ್ವ. ನೀನು ಹೇಳೋವರೆಗೂ ನಿಲ್ಲಿಸಲ್ಲ."

ಎಂಜಿನ್ ಬಿಸಿಯಾಗಲಿ ಅಂತ ಇಬ್ಬರೂ ರಸ್ತೆಗೆ ಹೊರಟರು. ಊರ ಕೆರೆ ದಾಟಿರಲಿಲ್ಲ, ಕಾಟಮ್ಮನ ಎದೆ ಹಿಡಿಯಿತು. ಈ ಸಲ ಬಿಡಲಿಲ್ಲ. ಬೆವರು ಕಿತ್ತುಕೊಂಡಿತು, ಎಡಗೈ ಬಿದ್ದುಹೋಯಿತು. "ಆಸ್ಪತ್ರೆ..." ಅಂದಳು. ತಿಪ್ಪೇಶಿ ಅವ್ವನ ಮುಖ ನೋಡಿದ, ಆಕ್ಸಿಲರೇಟರ್ ಅದುಮಿದ. ಗಾಡಿ ಎಲ್ಲೂ ಜಗ್ಗಲಿಲ್ಲ, ಯಾವ ಏರಿನಲ್ಲೂ ಮುಗ್ಗರಿಸಲಿಲ್ಲ. ಗೇರಿನ ಮೇಲೆ ಗೇರು ಹೂವಿನ ಮೇಲೆ ಹೂವಿಟ್ಟಂತೆ ಬಿದ್ದವು. ಕಣ್ಣು ಮುಚ್ಚಿದ್ದ ಕಾಟಮ್ಮನಿಗೆ ಅದಷ್ಟೇ ತಿಳಿಯುತ್ತಿತ್ತು: ಗಾಡಿ ಉಳಿಯಿತು, ಮಗ ಉಳಿದ.

ಆಸ್ಪತ್ರೆಯ ಗೇಟು ಬಂತು. ಗಾಡಿ ಒಳಗೆ ಹೋಯಿತು, ಕಟ್ಟಡ ಸುತ್ತಿತು. ನಿಲ್ಲಲಿಲ್ಲ. ಮತ್ತೆ ಸುತ್ತಿತು.

"ನಿಲ್ಸೋ! ಪೇಷಂಟ್ ಇಳಿಸೋ!" ವಾಚ್‌ಮನ್ ಓಡಿದ. ಸ್ಟ್ರೆಚರ್ ತಳ್ಳಿಕೊಂಡು ಆಯಾ ಓಡಿದಳು.

"ಅವ್ವ ಹೇಳಬೇಕು!" ತಿಪ್ಪೇಶಿ ಅಳುತ್ತಾ ಕೂಗಿದ. "ಅವ್ವ, ನಿಲ್ಲಿಸು ಅನ್ನೇ! ಬೇಗ ಅನ್ನೇ ಅವ್ವ!"

ಕಾಟಮ್ಮನಿಗೆ ಉಸಿರೇ ಇರಲಿಲ್ಲ, ಮಾತೆಲ್ಲಿಯದು? ಇದ್ದ ಬದ್ದ ಜೀವವನ್ನೆಲ್ಲ ನಾಲಿಗೆಗೆ ತಂದಳು. "ನಿಲ್ಸೋ... ಪೆದ್ದೇ."

ಗಾಡಿ ನಿಂತಿತು.

ಡಾಕ್ಟರು ಬಂದರು, ಸೂಜಿ ಬಂತು, ಮೂಗಿಗೆ ಕೊಳವೆ ಬಂತು. ಮುಸುಕಿನಂಥದ್ದೊಂದು ಸರಿದು ಕಾಟಮ್ಮ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. "ತಡವಾಗಿದ್ದರೆ ಕಷ್ಟ ಇತ್ತಮ್ಮ. ಮಗ ಒಳ್ಳೇ ವೇಗದಲ್ಲಿ ತಂದ" ಅಂದರು ಡಾಕ್ಟರು. ಪ್ರದಕ್ಷಿಣೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ಬಂದು, ಪರೀಕ್ಷೆಗೆ ಅಂತ ಕಾಟಮ್ಮನ ತೋಳಿನಿಂದ ರಕ್ತ ಇಳಿಸಿದಳು. ಸಣ್ಣ ಗಾಜಿನ ಕೊಳವೆ ದಾಸವಾಳದ ಹಾಗೆ ಕೆಂಪಗೆ ತುಂಬಿತು. ಮುಚ್ಚಳ ಬಿಗಿದು ಹೊರಟಳು. ಮೂಲೆಯಲ್ಲಿ ಕೂತಿದ್ದ ತಿಪ್ಪೇಶಿ ಎದ್ದು ಬಾಗಿಲಿಗೆ ಅಡ್ಡ ನಿಂತ. ಬಾಗಿಲು ತುಂಬಿತು.

"ಎಲ್ಲಿಗೆ ಒಯ್ತೀರಿ? ಇಳಿದಷ್ಟು ಹಾಕಿ."

"ಏನಪ್ಪಾ?"

"ಇಳಿದಷ್ಟು ಹಾಕಬೇಕು. ಕಮ್ಮಿಯಾದರೆ ಏರಿನಲ್ಲಿ ಜಾರುತ್ತೆ." ಗಾಜಿನ ಕೊಳವೆಗೆ ಕೈ ಚಾಚಿದ. "ಹೊಸದು ಹಾಕಬೇಡಿ ನರ್ಸಮ್ಮ. ಸಿಂಥೆಟಿಕ್ಕು ಬೇಡ. ಇಳಿಸಿದ್ದನ್ನೇ ತಿರುಗಿ ಹಾಕಿ. ನನಗೆ ಈ ಅವ್ವನೇ ಬೇಕು."

ನರ್ಸಮ್ಮ ಕಾಟಮ್ಮನ ಕಡೆ ನೋಡಿದಳು. ಬೈಗುಳವೊಂದು ಕಾಟಮ್ಮನ ನಾಲಿಗೆಯವರೆಗೆ ಬಂತು. ಅದರ ಹಿಂದೆಯೇ ಹೊಸ ಬುದ್ಧಿಯೂ ಬಂತು. ಎರಡನ್ನೂ ನುಂಗಿಕೊಂಡಳು. ಅವಳ ಆಯುಷ್ಯದಲ್ಲಿ ಮಗನಿಗೆ ಬುದ್ಧಿ ಹೇಳದೆ ಬಿಟ್ಟದ್ದು ಅದೊಂದೇ ಸಲ.

ಬುದ್ಧಿ ಹೇಳುವವರಿಲ್ಲದೆ ತಿಪ್ಪೇಶಿ ಬಾಗಿಲು ಬಿಟ್ಟು ಸರಿದ, ನರ್ಸಮ್ಮ ಹೋದಳು. ಆಮೇಲೆ ಹಳೇ ಬುದ್ಧಿಯನ್ನು ನೆನಪು ಮಾಡಿಕೊಂಡ. ಗಾಡಿಯಿಂದ ಕಂಬಳಿ ತಂದು ಅವ್ವನಿಗೆ ಕತ್ತಿನವರೆಗೆ ಹೊದಿಸಿದ, ಅಂಚು ಒತ್ತಿದ, ಮಂಚದ ಕಾಲಬಳಿ ಕೂತ. ಡಾಕ್ಟರು ನಾಡಿ ನೋಡಲು ಬಂದರು, ಬಿಡಲಿಲ್ಲ. ದಸ್ತಗೀರ ಓಡೋಡಿ ಬಂದ, ಬಿಡಲಿಲ್ಲ.

"ಶ್! ಅಲ್ಲಾಡಿಸಬೇಡಿ. ಅವ್ವ ಮೊಸರಿನ ಹಾಗೆ ಕೂತ್ಕೋತಾ ಇದ್ದಾಳೆ."

ಕಂಬಳಿಯೊಳಗೆ ಕಾಟಮ್ಮ ಬೆವೆತು ನೀರಾದಳು, ಅಲ್ಲಾಡಲಿಲ್ಲ. ಹೂಂ ಅಂದವರ ಮನೆಯ ಗಡಿಗೆಯಲ್ಲಿ ಹೆಪ್ಪು ತಪ್ಪದಿರಲಿ.