ಹಲ್ಲಿ ಲೊಚಗುಟ್ಟಿದ ಕತೆ

ಜೇಡವೊಂದು ವರ್ಷವಿಡೀ ಸಣ್ಣಕತೆ ಬರೆಯಲು ಕಲಿಯಿತು. ಬರೆದದ್ದನ್ನೆಲ್ಲ ಗೋಡೆಯ ಹಲ್ಲಿಗೆ ಓದಿ ಹೇಳುತ್ತಿತ್ತು. ಕತೆ ಕೇಳುವ ಚಪಲಕ್ಕೆ ಹಲ್ಲಿಯೂ ಅದನ್ನು ನುಂಗದೆ ಬಿಟ್ಟಿತ್ತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ಊರೇ ನಂಬುತ್ತದಲ್ಲ, ಆ ಒಂದು ‘ಲೊಚ್’ಗಾಗಿ ಜೇಡ ಆನೆ, ಅರಮನೆ, ಸಮುದ್ರ ಎಲ್ಲವನ್ನೂ ಕತೆಗೆ ಎಳೆತಂದಿತು. ಹಲ್ಲಿ ತುಟಿಪಿಟಕ್ಕೆನ್ನಲಿಲ್ಲ.

ಯುಗಾದಿಯ ಹಿಂದಿನ ದಿನ ಜೇಡ ಏದುಸಿರು ಬಿಡುತ್ತ ಬಂತು. “ಹಲ್ಲಿಯಕ್ಕಾ, ಇವತ್ತು ಕತೆ ತಡ. ಹಬ್ಬಕ್ಕೆ ಧೂಳು ಹೊಡೆಯುವ ಪೊರಕೆ ಬಂದು ಬಲೆಯೆಲ್ಲ ಹೋಯಿತು. ಉಳಿದ ಒಂದೇ ಎಳೆಗೆ ಜೋತುಬಿದ್ದಿದ್ದೆ. ಆಗಲೂ ನೊಣ ಕಂಡು ಬಾಯಲ್ಲಿ ನೀರೂರಿತು, ನೋಡು!”

“ಲೊಚ್ ಲೊಚ್ ಲೊಚ್!” ಎಂದಿತು ಹಲ್ಲಿ.

“ಅಯ್ಯೋ, ಕತೆ ಇನ್ನೂ ಶುರುವೇ ಆಗಿಲ್ಲ!”

“ಮುಗಿದೂ ಆಯಿತು ತಂಗಿ. ಇನ್ನೊಂದು ಮಾತು ಸೇರಿಸಿದೆಯೋ, ನುಂಗಿಬಿಡುತ್ತೇನೆ.”