ಬಿಚ್ಚದ ಚಾರ್ಟು

ಕಳೆದ ದೀಪಾವಳಿಗೆ ಮುಂಚಿನ ಮಾತು. ಡಾಕ್ಟರು ಕಣ್ಣಿನ ಚಾರ್ಟು ಬಿಚ್ಚುವ ಮೊದಲೇ ಲಾರಿ ಡ್ರೈವರ್ ದ್ಯಾಮಣ್ಣ ಅದರ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ್ದ. ದೃಷ್ಟಿ ಸರಿಯಿದೆಯೆಂಬ ಸರ್ಟಿಫಿಕೇಟಿಗೆ ಡಾಕ್ಟರು ಸಹಿಯನ್ನೂ ಹಾಕಿಬಿಟ್ಟರು. ಜೊತೆಗೆ ಹೋಗಿ ಇದನ್ನು ನೋಡಿದ್ದ ಲಾರಿ ಆಫೀಸಿನ ಗುಮಾಸ್ತೆ ರೇಣುಕಮ್ಮನಿಗೆ ಅನುಮಾನ ಬಂತು. ಸರ್ಟಿಫಿಕೇಟನ್ನು ಮುಂದಕ್ಕೆ ಕಳಿಸಲಿಲ್ಲ.

"ಡಾಕ್ಟರಿಗಿಂತ ನೀನು ದೊಡ್ಡವಳೇನಮ್ಮಾ? ಲೋಡು ಇವತ್ತೇ ಘಾಟಿ ಇಳೀಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದು ಲಾರಿ ಮಾಲೀಕ ಸಾಹುಕಾರ ಗುಡುಗಿದ.

"ಆಗಲಿ ಸಾವ್ಕಾರ್ರೇ. ನೀವೂ ಮಂಗಳೂರಿಗೆ ಹೊರಟಿದ್ದೀರಲ್ಲ, ಬಸ್ಸು ಯಾಕೆ? ದ್ಯಾಮಣ್ಣನ ಪಕ್ಕದಲ್ಲೇ ಕೂತುಬಿಡಿ."

ಸಾಹುಕಾರನ ದನಿ ಇಳಿಯಿತು. ದ್ಯಾಮಣ್ಣನತ್ತ ತಿರುಗಿದ.

"ಏಯ್, ಆ ಗೇಟಿನ ಮೇಲಿರೋ ಬೋರ್ಡು ಓದೋ."

"ಯಾವ ಗೇಟು, ಸಾವ್ಕಾರ್ರೇ?"

ಸಾಹುಕಾರ ಬಸ್ಸನ್ನೇ ಹತ್ತಿದ. ಲೋಡು ನಿಂತಿತು. ಮರುದಿನ ಡ್ರೈವರುಗಳನ್ನೆಲ್ಲ ರೇಣುಕಮ್ಮ ಬೇರೆ ಆಸ್ಪತ್ರೆಗೆ ಕರೆದೊಯ್ದಳು. ಕನ್ನಡಕ ಬೇಕಾದವರು ಏಳು ಮಂದಿ.